ಅತ್ತೆಯ ಬಿಳಿ, ನನ್ನ ಸಕ್ಕರೆ

ಆರನೇ ಕ್ಲಾಸಿಗೆ ಸೇರಿದ ತಿಂಗಳಲ್ಲೇ ನನಗೆ ಬಾಯಾರಿಕೆ ಶುರುವಾಯಿತು. ಶನಿವಾರ, ಭಾನುವಾರ ನಾನು ಅತ್ತೆಯ ಜೊತೆ ಕುರಿ ಮೇಯಿಸಲು ಹೋಗುತ್ತಿದ್ದೆ. ಇಬ್ಬರಿಗೂ ಸಂಜೆಯವರೆಗೆ ಆಗುವಷ್ಟು ನೀರನ್ನು ಅವಳು ಐದು ಲೀಟರಿನ ಕ್ಯಾನಿನಲ್ಲಿ ತುಂಬಿಕೊಂಡು ಬರುತ್ತಿದ್ದಳು. ಆ ಶನಿವಾರ ಕುರಿಗಳು ನಮ್ಮ ಕಡಲೇಕಾಯಿ ಹೊಲದ ಬೇಲಿ ದಾಟುವ ಹೊತ್ತಿಗೇ ನಾನು ಅರ್ಧ ಕ್ಯಾನು ಖಾಲಿ ಮಾಡಿದ್ದೆ. ಮಧ್ಯಾಹ್ನಕ್ಕೆ ನೀರೇ ಇರಲಿಲ್ಲ. ಅತ್ತೆ ಬೈಯಲಿಲ್ಲ. ನಾನು ಎಷ್ಟು ಸಲ ಪೊದೆಯ ಮರೆಗೆ ಹೋಗಿ ಬಂದೆ ಎಂದು ಎಣಿಸುತ್ತಿದ್ದಳಂತೆ. ಕೊನೆಯ ಸಲ ನಾನು ಎದ್ದು ಬಂದ ಮೇಲೆ ಅವಳೇ ಹೋಗಿ ನೋಡಿದಳು. ನಾನು ಕೂತಿದ್ದ ಜಾಗಕ್ಕೆ ಇರುವೆ ಮುತ್ತಿದ್ದವು. ಮನೆಗೆ ಬಂದವಳೇ ಅವ್ವನಿಗೆ ಹೇಳಿದಳು, ಕೂಸಿಗೆ ಏನೋ ಆಗಿದೆ, ಸೋಮವಾರ ಸ್ಕೂಲಿಗೆ ಬೇಡ, ಮೆಟ್ಟೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು.

ಅವ್ವ ಅದನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಬಿಸಿಲು ಜಾಸ್ತಿ, ಮಗು ಬೆಳೆಯುತ್ತಿದೆ, ಅದಕ್ಕೇ ಸಣ್ಣಗಾಗಿದೆ ಎಂದುಕೊಂಡಳು. ಬುಧವಾರ ಪ್ರಾರ್ಥನೆಗೆ ನಿಂತಿದ್ದಾಗ ನಾನು ಕುಸಿದು ಬಿದ್ದೆ. ಸ್ಕೂಲಿನ ಟೀಚರ್ ಒಬ್ಬರು ಆಟೋದಲ್ಲಿ ಹತ್ತಿರದ ಮೇಚೇರಿ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿಂದ ಮೆಟ್ಟೂರು, ಮೆಟ್ಟೂರಿನಿಂದ ಸೇಲಂ. ಸೇಲಂನ ಆಸ್ಪತ್ರೆಯಲ್ಲಿ ಹದಿನಾಲ್ಕು ದಿನ ಮಲಗಿದ್ದೆ. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ, ಟೈಪ್ ಒನ್, ಜೀವ ಇರುವವರೆಗೂ ಇನ್ಸುಲಿನ್ ಚುಚ್ಚಬೇಕು ಎಂದರು. ಅಪ್ಪ ಅದನ್ನು ಕೇಳಿ ವಾರ್ಡಿನ ಹೊರಗೆ ಹೋಗಿ ತುಂಬಾ ಹೊತ್ತು ಬರಲೇ ಇಲ್ಲ. ಬಂದಾಗ ಕೈಯಲ್ಲಿ ಒಂದು ಪೊಟ್ಟಣ ಜಿಲೇಬಿ ಇತ್ತು. ಅಳುವ ಮಗುವಿಗೆ ಏನು ಕೊಡಬೇಕು ಅಂತ ಅವನಿಗೆ ಬೇರೇನೂ ತೋಚಿರಲಿಲ್ಲ. ನರ್ಸಮ್ಮ ಅದನ್ನು ಈಸಿಕೊಂಡು ಅವನ ಮುಖ ನೋಡಿ, ಬೈಯಲು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡರು.

ನಮ್ಮ ಮನೆಯಲ್ಲಿ ಇದ್ದವರು ನಾಲ್ಕೇ ಜನ. ಅಪ್ಪ, ಅವ್ವ, ನಾನು, ಅತ್ತೆ. ಅತ್ತೆ ಎಂದರೆ ಅಪ್ಪನ ಅಕ್ಕ. ಅವಳನ್ನು ಧರ್ಮಪುರಿ ಕಡೆ ಮದುವೆ ಮಾಡಿ ಕೊಟ್ಟಿದ್ದರು. ಮದುವೆಯಾದ ಮೂರನೇ ವರ್ಷ ಕೆಳತುಟಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಮಚ್ಚೆ ಕಾಣಿಸಿತಂತೆ. ಆಮೇಲೆ ಬೆರಳ ತುದಿಗೆ, ಮೊಣಕೈಗೆ. ಗಂಡನ ಮನೆಯವರು ಜಗಳವಾಡಲಿಲ್ಲ, ಹೊಡೆಯಲಿಲ್ಲ. ಒಂದು ಬೆಳಿಗ್ಗೆ ಅವಳ ಟ್ರಂಕನ್ನು ಬಸ್ಸಿಗೆ ಏರಿಸಿ, ಊರಲ್ಲಿ ನಾಲ್ಕು ದಿನ ಇದ್ದು ಬಾ ಎಂದರಂತೆ. ಕರೆಯಲು ಯಾರೂ ಬರಲಿಲ್ಲ. ನಾನು ಹುಟ್ಟುವ ಮೊದಲಿನ ವರ್ಷದ ಮಾತು ಇದು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅತ್ತೆಯ ಎರಡು ಕೈಗಳೂ ಮುಂಗೈವರೆಗೆ ಬೆಳ್ಳಗಿದ್ದವು. ನನಗೆ ಅದು ವಿಚಿತ್ರವೆಂದು ಅನಿಸಿರಲೇ ಇಲ್ಲ. ನನಗೆ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗೆ ಇಟ್ಟ ಕೈ ಅದು. ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು.

ಊರಿನವರು ಕೆಟ್ಟವರೇನೂ ಆಗಿರಲಿಲ್ಲ. ಆದರೆ ಮದುವೆ ಮನೆಯಲ್ಲಿ ಅವಳ ಕೈಯಿಂದ ಎಲೆಗೆ ಅನ್ನ ಬೀಳುವಂತಿರಲಿಲ್ಲ. ಯಾರೂ ಬೇಡ ಎನ್ನುತ್ತಿರಲಿಲ್ಲ, ಬಡಿಸುವ ಬಕೆಟ್ಟನ್ನು ಅವಳ ಕೈಗೆ ಕೊಡುತ್ತಿರಲಿಲ್ಲ, ಅಷ್ಟೆ. ಹಾಗಾಗಿ ಊರಲ್ಲಿ ಮದುವೆ ಇದ್ದ ದಿನ ಅತ್ತೆ ಬೆಳಿಗ್ಗೆ ಬೇಗ ಕುರಿ ಬಿಟ್ಟುಕೊಂಡು ಹೊರಟುಬಿಡುತ್ತಿದ್ದಳು. ನಾವು ಆಡುವ ಕನ್ನಡದಲ್ಲಿ ಅದಕ್ಕೆ ತೊನ್ನು ಎನ್ನುತ್ತಾರೆ. ಸುತ್ತಲಿನ ತಮಿಳರು ವೆಣ್‌ಕುಷ್ಟಂ ಎನ್ನುತ್ತಾರೆ. ಕುಷ್ಠ ಎನ್ನುವ ಶಬ್ದ ಅದರೊಳಗೇ ಕೂತಿರುವುದರಿಂದ ಅದು ಮುಟ್ಟಿದರೆ ಬರುತ್ತದೆ ಎಂದು ಎಲ್ಲರೂ ನಂಬಿದ್ದರು. ಅತ್ತೆ ಆ ಎರಡು ಮಾತನ್ನೂ ಬಾಯಿಗೆ ತರುತ್ತಿರಲಿಲ್ಲ. ‘ನನ್ ಕೈ ಇಂಗೈತೆ’ ಎನ್ನುತ್ತಿದ್ದಳು, ಅಷ್ಟೇ.

ಆಸ್ಪತ್ರೆಯಿಂದ ನಾನು ಮನೆಗೆ ಬಂದ ಮೇಲೆ ನೋಡಲು ಬಂದವರೆಲ್ಲ ಮೊದಲು ನನ್ನನ್ನು ನೋಡುತ್ತಿದ್ದರು, ಆಮೇಲೆ ಅತ್ತೆಯನ್ನು. ನಮ್ಮ ಎರಡೂ ಕಡೆಯ ನೆಂಟರಲ್ಲಿ ಯಾವ ಮಗುವಿಗೂ ಸಕ್ಕರೆ ಕಾಯಿಲೆ ಇರಲಿಲ್ಲ. ಹಾಗಾದರೆ ಎಲ್ಲಿಂದ ಬಂತು? ಅವ್ವನ ಕಡೆಯ ಒಬ್ಬ ಹಿರಿಯಾಕೆ ಕೇಳಿಯೇಬಿಟ್ಟರು, ಮಗುವನ್ನು ಯಾರ ಮಗ್ಗುಲಲ್ಲಿ ಮಲಗಿಸುತ್ತೀಯ, ಯಾರ ತಟ್ಟೆಯಲ್ಲಿ ಉಣ್ಣಿಸುತ್ತೀಯ ಎಂದು. ಆ ದಿನದಿಂದ ನನ್ನ ತಟ್ಟೆ ಬೇರೆಯಾಯಿತು.

ಅವ್ವನನ್ನು ನಾನು ದೂರುವುದಿಲ್ಲ. ಅವಳಿಗೆ ಆಗ ಮೂವತ್ತೂ ತುಂಬಿರಲಿಲ್ಲ. ದಿನಕ್ಕೆ ಎರಡು ಸಲ ಮಗಳ ತೊಡೆಗೆ ಸೂಜಿ ಚುಚ್ಚಬೇಕಿತ್ತು. ಫ್ರಿಜ್ ಇಲ್ಲದ ನಮ್ಮ ಮನೆಯಲ್ಲಿ ಒಂದು ಮಡಕೆಗೆ ಮರಳು ತುಂಬಿ, ನೀರು ಚಿಮುಕಿಸಿ, ಅದರೊಳಗೆ ಸಣ್ಣ ಡಬ್ಬಿಯಲ್ಲಿ ಇನ್ಸುಲಿನ್ ಬಾಟಲಿಯನ್ನು ಇಟ್ಟಿದ್ದಳು. ಹಗಲಲ್ಲಿ ಹತ್ತು ಸಲ ಹೋಗಿ ಮರಳು ಒಣಗಿತೇನೋ ಎಂದು ಮುಟ್ಟಿ ನೋಡುತ್ತಿದ್ದಳು. ಯಾಕೆ ಹೀಗಾಯಿತು ಎಂಬುದಕ್ಕೆ ಆಸ್ಪತ್ರೆಯಲ್ಲಿ ಅವಳಿಗೆ ಅರ್ಥವಾಗುವಂತೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಆ ಗಾಬರಿಯಲ್ಲಿ ಅವಳ ಕಿವಿಗೆ ಬಿದ್ದಿರಲಿಕ್ಕಿಲ್ಲ. ಕಾರಣ ಎನ್ನುವುದು ಒಂದು ಸಿಕ್ಕಿದರೆ ಅದನ್ನು ಮನೆಯಿಂದ ಆಚೆ ಹಾಕಬಹುದಲ್ಲ.

ನಾನು ಮನೆಗೆ ಬಂದ ಮೂರನೇ ವಾರ ಅತ್ತೆ ಸೇಲಂ ಬಳಿಯ ಬೆಟ್ಟದ ಊರು ಏರ್ಕಾಡಿಗೆ ಹೊರಟಳು. ನಮ್ಮ ದೂರದ ನೆಂಟರೊಬ್ಬರು ಅಲ್ಲಿ ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿ ಆಗಿದ್ದರು. ಕೆಲಸ ಐತೆ, ಇರೋಕೆ ರೂಮೂ ಐತೆ ಎಂದಿದ್ದರು. ಅವ್ವ ಹೋಗು ಅನ್ನಲಿಲ್ಲ, ಇರು ಅನ್ನಲೂ ಇಲ್ಲ. ಅಪ್ಪ ಹಳೆಯ ಟ್ರಂಕನ್ನು ಹೆಗಲ ಮೇಲೆ ಹೊತ್ತುಕೊಂಡು ಬಸ್‌ಸ್ಟಾಪಿನವರೆಗೆ ಹೋದ. ನಾನು ಅಳುತ್ತ ಓಡಿದೆ. ಅತ್ತೆ ನನ್ನನ್ನು ಮುಟ್ಟಲಿಲ್ಲ. ಎರಡು ಕೈಯನ್ನೂ ಸೆರಗಿನೊಳಗೆ ಸುತ್ತಿಕೊಂಡು, ‘ಸೂಜಿಗೆ ಅಳಬ್ಯಾಡ ಕೂಸೆ, ಜಾಣೆ ಅಲ್ವಾ’ ಎಂದಳು.

ಇಲ್ಲಿಂದ ಮುಂದೆ ನಡೆದದ್ದೇ ನಮ್ಮೆಲ್ಲರನ್ನೂ ದಾರಿ ತಪ್ಪಿಸಿದ್ದು.

ಅತ್ತೆ ಹೋದ ಒಂದೇ ತಿಂಗಳಲ್ಲಿ ನನ್ನ ಸಕ್ಕರೆ ಇಳಿಯಿತು. ಸುಮ್ಮನೆ ಇಳಿದದ್ದಲ್ಲ, ಇನ್ಸುಲಿನ್ ಹಾಕಿದರೆ ತಲೆ ಸುತ್ತಿ ಬೆವರುವಷ್ಟು ಇಳಿಯಿತು. ಸೇಲಂಗೆ ತೋರಿಸಲು ಹೋದರೆ ಡಾಕ್ಟರ್ ಅಳತೆ ಕಡಿಮೆ ಮಾಡಿದರು. ಮತ್ತೆ ಹೋದರೆ ಮತ್ತೆ ಕಡಿಮೆ ಮಾಡಿದರು. ಬೆಳಿಗ್ಗೆ ನಾಲ್ಕು ಯೂನಿಟ್, ಸಂಜೆ ಎರಡು ಎನ್ನುವಲ್ಲಿಗೆ ಬಂತು. ನಾನು ದಪ್ಪಗಾದೆ, ಸ್ಕೂಲಿಗೆ ಹೋದೆ, ಓಡಿದೆ. ಎಷ್ಟೇ ಕಡಿಮೆಯಾದರೂ ಚುಚ್ಚುವುದನ್ನು ನಿಲ್ಲಿಸಬಾರದು ಎಂದು ಡಾಕ್ಟರ್ ಹೇಳಿದ್ದರು. ಆದರೆ ನಮ್ಮವರ ಕಿವಿಗೆ ಬಿದ್ದದ್ದು ಕಡಿಮೆ ಎನ್ನುವ ಒಂದೇ ಮಾತು. ಊರೆಲ್ಲ ಅದೇ ಸುದ್ದಿ. ಅವಳನ್ನು ಕಳಿಸಿದರು, ಮಗು ಗುಣವಾಯಿತು. ಅನುಮಾನಿಸಿದವರಿಗೆ ಸಾಕ್ಷಿ ಸಿಕ್ಕಿತು. ಅನುಮಾನಿಸದಿದ್ದ ಅಪ್ಪನೂ ತಲೆ ತಗ್ಗಿಸಿದ.

ಮೇಸ್ತ್ರಿಯ ಫೋನಿಗೆ ಅಪ್ಪ ಸುದ್ದಿ ತಿಳಿಸಿದ. ಅತ್ತೆ ಆ ಕಡೆಯಿಂದ, ಒಳ್ಳೇದಾಯ್ತು, ಒಳ್ಳೇದಾಯ್ತು ಎಂದು ಎರಡು ಸಲ ಅಂದು ಫೋನು ಇಟ್ಟಳಂತೆ.

ನಾಲ್ಕನೇ ತಿಂಗಳು ಒಬ್ಬ ನಾಟಿ ವೈದ್ಯರ ಪುಡಿ ಮನೆಗೆ ಬಂತು. ಕಹಿಬೇವು, ನೇರಳೆ ಬೀಜ, ಇನ್ನೇನೇನೋ. ಅದನ್ನು ತಿನ್ನಿಸಿ ಇನ್ಸುಲಿನ್ ನಿಲ್ಲಿಸಿದರು. ನಿಲ್ಲಿಸಿದ ಮೊದಲ ವಾರ ಏನೂ ಆಗಲಿಲ್ಲ, ಎರಡನೇ ವಾರವೂ ಆಗಲಿಲ್ಲ. ಅವ್ವ ಸಿರಿಂಜುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದಳು. ಆ ದಿನ ಅವಳು ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ. ಅಷ್ಟು ದಿನದಿಂದ ನಕ್ಕಿರಲಿಲ್ಲ.

ಐದನೇ ವಾರ ನನಗೆ ಜ್ವರ ಬಂತು. ಸಾಮಾನ್ಯವಾದ ನೆಗಡಿ ಜ್ವರ, ಸ್ಕೂಲಿನಲ್ಲಿ ಅರ್ಧ ಮಕ್ಕಳಿಗೆ ಇತ್ತು. ಅವರೆಲ್ಲ ಎದ್ದು ಓಡಾಡಿದರು. ನನಗೆ ಮತ್ತೆ ಬಾಯಾರಿಕೆ, ವಾಂತಿ, ಹೊಟ್ಟೆನೋವು. ಎಷ್ಟು ಎಳೆದುಕೊಂಡರೂ ಉಸಿರು ಸಾಲುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ, ಸೇಲಂಗೆ ಹೊರಟ ಬಾಡಿಗೆ ವ್ಯಾನಿನ ಹಿಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ಮಲಗಿದ್ದೆ. ಓಮಲೂರು ದಾಟುವಾಗ ಅವ್ವ ನನ್ನ ಕೆನ್ನೆ ತಟ್ಟುತ್ತ, ‘ಕಣ್ ಬುಡು, ಕಣ್ ಬುಡು’ ಎನ್ನುತ್ತಿದ್ದುದು ಎಲ್ಲೋ ದೂರದಿಂದ ಕೇಳಿದಂತೆ ನೆನಪು. ಉಳಿದದ್ದು ಗೊತ್ತಿಲ್ಲ.

ನನಗೆ ಪ್ರಜ್ಞೆ ಬಂದು, ತಿನ್ನುವಷ್ಟು ಆದ ಮೇಲೆ, ಮೊದಲಿನಿಂದ ನನ್ನನ್ನು ನೋಡುತ್ತಿದ್ದ ಡಾಕ್ಟರಮ್ಮ ಅವ್ವನನ್ನು ಕೂರಿಸಿಕೊಂಡರು. ನಡುವಯಸ್ಸಿನ ಹೆಂಗಸು, ದಪ್ಪ ಕನ್ನಡಕ. ಮೊದಲು ಸಿಟ್ಟಿನಲ್ಲೇ ಶುರು ಮಾಡಿದರು. ಅವ್ವ ಅಳುವುದನ್ನು ನೋಡಿ ನಿಲ್ಲಿಸಿದರು. ಒಂದು ಸ್ಟೂಲು ಎಳೆದುಕೊಂಡು ನನ್ನ ಮಂಚದ ಪಕ್ಕ ಕೂತು, ಕೇಸ್ ಶೀಟಿನ ಹಿಂಬದಿಯಲ್ಲಿ ಚಿತ್ರ ಬರೆಯತೊಡಗಿದರು. ತಮಿಳಿನಲ್ಲಿ ಹೇಳಿದರು, ನಿಧಾನವಾಗಿ. ನಾನೂ ಕೇಳಿಸಿಕೊಂಡೆ.

ರಕ್ತದಲ್ಲಿ ಹೊರಗಿನಿಂದ ಬಂದ ರೋಗಾಣುವನ್ನು ಗುರುತು ಹಿಡಿದು ಕೊಲ್ಲುವ ಕಣಗಳಿವೆ. ಒಂದೊಂದು ಕಣಕ್ಕೂ ಗೊತ್ತಿರುವುದು ಒಂದೊಂದೇ ಗುರುತು. ಹೆಚ್ಚಿನವು ಸುಮ್ಮನೆ ತಿರುಗಾಡಿಕೊಂಡಿರುತ್ತವೆ, ಏನೂ ಮಾಡುವುದಿಲ್ಲ. ತಮ್ಮ ಗುರುತು ಕಂಡಾಗ ಮಾತ್ರ ಚುರುಕಾಗುತ್ತವೆ, ಒಂದಿದ್ದದ್ದು ಸಾವಿರವಾಗುತ್ತದೆ. ಕೆಲವರ ಮೈಯಲ್ಲಿ, ಯಾಕೆಂದು ಯಾರಿಗೂ ಸರಿಯಾಗಿ ತಿಳಿಯದು, ಕೆಲವು ಕಣಗಳು ತಮ್ಮ ಮೈಯನ್ನೇ ಹೊರಗಿನದು ಎಂದು ತಪ್ಪು ತಿಳಿದು ಚುರುಕಾಗಿಬಿಡುತ್ತವೆ. ಈ ಮಗುವಿನಲ್ಲಿ ಅವು ಹೊಟ್ಟೆಯೊಳಗೆ ಇನ್ಸುಲಿನ್ ತಯಾರಿಸುವ ಜಾಗಕ್ಕೆ ನುಗ್ಗಿವೆ. ಅದು ನಿನ್ನೆ ಮೊನ್ನೆ ಶುರುವಾದದ್ದಲ್ಲ, ತಿಂಗಳುಗಟ್ಟಲೆ, ಬಹುಶಃ ವರ್ಷಗಟ್ಟಲೆ ನಡೆದಿದೆ. ಮುಕ್ಕಾಲು ಪಾಲು ಹಾಳಾದ ಮೇಲೆ ನಿಮಗೆ ಬಾಯಾರಿಕೆಯಾಗಿ ಕಂಡಿದೆ.

ಅವ್ವ ಕೇಳಿದಳು, ಹಾಗಾದರೆ ನಡುವೆ ನಾಲ್ಕು ತಿಂಗಳು ಯಾಕೆ ಗುಣವಾಯಿತು?

ಡಾಕ್ಟರಮ್ಮ ಚಿತ್ರದಲ್ಲಿ, ಇನ್ಸುಲಿನ್ ತಯಾರಿಸುವ ಜಾಗದೊಳಗೆ ಹಾಳಾಗದೆ ಉಳಿದಿದ್ದ ಕೆಲವು ಚುಕ್ಕೆಗಳನ್ನು ಪೆನ್ನಿನಿಂದ ತೋರಿಸಿದರು. ಹೊರಗಿನಿಂದ ಇನ್ಸುಲಿನ್ ಸಿಕ್ಕಿದಾಗ ಅಳಿದುಳಿದವಕ್ಕೆ ಸ್ವಲ್ಪ ಸುಧಾರಿಸಿಕೊಳ್ಳಲು ಬಿಡುವು ಸಿಗುತ್ತದೆ. ಅವು ಮತ್ತೆ ಕೆಲಸಕ್ಕೆ ಇಳಿಯುತ್ತವೆ. ತುಂಬಾ ಮಕ್ಕಳಲ್ಲಿ ಹೀಗೆ ಆಗುತ್ತದೆ, ಕೆಲವು ತಿಂಗಳು ಇರುತ್ತದೆ. ಆದರೆ ಚುರುಕಾದ ಆ ಕಣಗಳು ಮತ್ತೆ ಮಲಗಿರುವುದಿಲ್ಲ, ತಮ್ಮ ಕೆಲಸ ಮುಂದುವರಿಸಿಕೊಂಡೇ ಇರುತ್ತವೆ. ಅದಕ್ಕೇ ನಾನು ನಿಲ್ಲಿಸಬೇಡಿ ಅಂದದ್ದು.

ಅವ್ವ ಬೆರಳು ಮಡಿಸಿ ತಿಂಗಳು ಲೆಕ್ಕ ಹಾಕಿದಳು. ಆಮೇಲೆ ಅತ್ತೆಯ ವಿಷಯ ಹೇಳಿದಳು. ಪೂರ್ತಿ ಹೇಳಿದಳು, ಬಿಳಿ ಮಚ್ಚೆ, ಒಂದೇ ತಟ್ಟೆ, ಏರ್ಕಾಡಿಗೆ ಕಳಿಸಿದ್ದು. ಡಾಕ್ಟರಮ್ಮ ಪೆನ್ನನ್ನು ಕೆಳಗಿಟ್ಟರು.

‘ತೊಟ್ಟಾ ವರಾದಮ್ಮಾ’ ಎಂದರು. ಮುಟ್ಟಿದರೆ ಬರುವುದಿಲ್ಲ ಎಂದು. ‘ಅವರ ಮೈಯಲ್ಲಿ ಆಗಿರುವುದೂ ಹೆಚ್ಚುಕಡಿಮೆ ಇದೇ. ಅಲ್ಲಿ ಆ ಕಣಗಳು ಚರ್ಮಕ್ಕೆ ಬಣ್ಣ ಕೊಡುವುದನ್ನು ಹಾಳು ಮಾಡಿವೆ, ಇಲ್ಲಿ ಇನ್ಸುಲಿನ್ ಕೊಡುವುದನ್ನು. ಇದನ್ನು ಯಾರೂ ಯಾರಿಗೂ ಅಂಟಿಸಿದ್ದಲ್ಲ.’

ನಾನು ಆಸ್ಪತ್ರೆಯಿಂದ ಬಿಡುಗಡೆಯಾದ ಮರುವಾರವೇ ಅವ್ವ ನನ್ನನ್ನು ಕರೆದುಕೊಂಡು ಏರ್ಕಾಡಿಗೆ ಹೊರಟಳು. ನಾನು ಹೋಗಿ ಕರೆದುಕೊಂಡು ಬರುತ್ತೇನೆ ಎಂದು ಅಪ್ಪ ಅಂದ. ಕಳಿಸಿದವಳು ನಾನು, ನಾನೇ ಹೋಗಬೇಕು ಎಂದಳು ಅವ್ವ. ಸೇಲಂನಿಂದ ಘಾಟ್ ಬಸ್ಸು ಹತ್ತಿದೆವು. ತಿರುವಿಗೊಂದು ಸಲ ನನಗೆ ತಲೆ ಸುತ್ತುತ್ತಿತ್ತು. ಅವ್ವ ನನ್ನ ಬೆರಳು ಹಿಡಿದುಕೊಂಡು, ಇದು ಬಸ್ಸಿನ ತಲೆಸುತ್ತೋ ಸಕ್ಕರೆಯ ತಲೆಸುತ್ತೋ ಎಂದು ಕೇಳುತ್ತಲೇ ಇದ್ದಳು.

ಅತ್ತೆ ಮೆಣಸಿನ ಕೊಯ್ಲಿನಲ್ಲಿದ್ದಳು. ಕರಿಮೆಣಸು. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯ ಮೇಲೆ, ಸೊಂಟಕ್ಕೆ ಚೀಲ ಕಟ್ಟಿಕೊಂಡು, ಗಂಡಸರ ಉದ್ದ ತೋಳಿನ ಅಂಗಿ ಹಾಕಿಕೊಂಡಿದ್ದಳು. ಅವಳ ಮೈಗೆ ಸ್ವಲ್ಪ ಮಾಂಸ ಬಂದಿತ್ತು. ಕೆಳಗೆ ನಿಂತು ಕಾಳು ಆಯುತ್ತಿದ್ದ ಹೆಂಗಸರ ಜೊತೆ ಏನೋ ಹೇಳಿ ನಗುತ್ತಿದ್ದಳು. ನಮ್ಮನ್ನು ಕಂಡ ಕೂಡಲೇ ನಗು ನಿಂತಿತು. ಏಣಿ ಇಳಿದು, ಹತ್ತು ಹೆಜ್ಜೆ ದೂರದಲ್ಲೇ ನಿಂತಳು. ಮಗೀಗೆ ಮತ್ತೆ ಉಷಾರಿಲ್ವಾ ಎಂಬುದೇ ಅವಳ ಮೊದಲ ಮಾತು.

ಅವಳ ರೂಮಿಗೆ ಹೋದೆವು. ಸಾಲು ಮನೆಗಳ ಕೊನೆಯ ಕೋಣೆ, ತುಂಬಾ ಚೊಕ್ಕಟವಾಗಿತ್ತು. ಅವ್ವ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಡಾಕ್ಟರಮ್ಮ ಬರೆದ ಚಿತ್ರದ ಹಾಳೆಯನ್ನು ತಂದಿದ್ದಳು, ಅದನ್ನೂ ಬಿಚ್ಚಿ ಹಾಸಿದಳು. ಅತ್ತೆ ಅದನ್ನು ನೋಡಿದಳು, ಮುಟ್ಟಲಿಲ್ಲ.

‘ನಂದು ತಪ್ಪಾಯ್ತು ಅತ್ತಿಗೆ’ ಎಂದಳು ಅವ್ವ.

ಅತ್ತೆ ಬೈಯುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

‘ನೀನ್ ಒಬ್ಳೆ ಅಂದ್ಕೊಂಡಿದ್ದಲ್ಲ ಅಮ್ಮಿ’ ಎಂದಳು ಕೊನೆಗೆ. ‘ನಾನೂ ಅಂಗೇ ಅಂದ್ಕೊಂಡಿದ್ದೆ. ಸಕ್ಕರೆ ಇಳೀತು ಅಂತ ಫೋನ್ ಬಂದ್ ದಿನ ನಂಗೆ ಗ್ಯಾರಂಟಿ ಆಯ್ತು. ಈ ಕೈಲೇ ಕೂಸಿಗೆ ಇಟ್ಟುಬುಟ್ಟೆ ಅಂತ. ಇನ್ನು ಸಾಯೋಗಂಟ ಬೆಟ್ಟ ಇಳಿಯಾಕಿಲ್ಲ ಅಂತ ದೇವ್ರಿಗೆ ಹೇಳ್ಕೊಂಡಿದ್ದೆ.’

ಅವ್ವ ಮುಖ ಮುಚ್ಚಿಕೊಂಡಳು. ನನಗೆ ಹನ್ನೊಂದು ವರ್ಷ, ದೊಡ್ಡವರ ಮಾತಿನ ನಡುವೆ ಏನು ಮಾಡಬೇಕೆಂದು ತಿಳಿಯದೆ ಹೋಗಿ ಅತ್ತೆಯ ತೊಡೆಯ ಮೇಲೆ ಕೂತೆ. ಅವಳ ಕೈಗಳು ಮೊದಲು ಮೇಲೆದ್ದು ಗಾಳಿಯಲ್ಲೇ ನಿಂತವು. ಆಮೇಲೆ ನನ್ನ ಬೆನ್ನ ಮೇಲೆ ಬಂದವು.

ಆದರೂ ಅವಳು ಕೂಡಲೇ ನಮ್ಮ ಜೊತೆ ಹೊರಡಲಿಲ್ಲ. ನೀವು ಬಾಯಲ್ಲಿ ಹೇಳುತ್ತೀರಿ, ಆ ಡಾಕ್ಟರಮ್ಮ ನನ್ನ ಮುಖ ನೋಡಿ ಹೇಳಲಿ, ಆಮೇಲೆ ನೋಡೋಣ ಎಂದಳು. ಮೇಸ್ತ್ರಿಯ ಹತ್ತಿರ ಎರಡು ದಿನ ರಜೆ ಕೇಳಿ, ಮರುದಿನ ಬೆಳಗಿನ ಬಸ್ಸಿಗೆ ಮೂವರೂ ಬೆಟ್ಟ ಇಳಿದು ನೇರ ಆಸ್ಪತ್ರೆಗೆ ಹೋದೆವು. ಉದ್ದ ಸಾಲು. ನಮ್ಮ ಸರದಿ ಬರುವವರೆಗೆ ಅತ್ತೆ ಕೈಗಳನ್ನು ಸೆರಗಿನಿಂದ ಆಚೆ ತೆಗೆಯಲಿಲ್ಲ.

ಡಾಕ್ಟರಮ್ಮ ಅವಳ ಕೈಯನ್ನು ತಾವೇ ಹೊರಗೆ ತೆಗೆಸಿದರು. ಗ್ಲೌಸ್ ಹಾಕಿಕೊಳ್ಳದೆ ಹಿಡಿದು, ತಿರುಗಿಸಿ, ಬೆರಳುಗಳನ್ನು ಒಂದೊಂದಾಗಿ ನೋಡಿದರು. ಇದಕ್ಕೆ ವೆಣ್‌ಪುಳ್ಳಿ ಅಂತ ಹೇಳಿ, ಆ ಹಳೇ ಹೆಸರು ಬೇಡ ಎಂದರು. ವೆಣ್‌ಪುಳ್ಳಿ ಎಂದರೆ ಬಿಳಿ ಚುಕ್ಕೆ. ಅತ್ತೆ ತಮಿಳಿನಲ್ಲೇ ಕೇಳಿದಳು, ನನಗೂ ಕೂಸಿಗೂ ಏನೂ ಸಂಬಂಧವೇ ಇಲ್ಲವೇ ಎಂದು. ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ, ಅದನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ಸಂಬಂಧ ಇರಬಹುದು ಎಂದರು. ಕಣಗಳು ಹೀಗೆ ತಪ್ಪು ತಿಳಿಯುವ ಗುಣ ಕೆಲವು ಮನೆತನಗಳಲ್ಲಿ ಹರಿದು ಬರುತ್ತದೆ, ಒಬ್ಬರಿಗೆ ಚರ್ಮದಲ್ಲಿ, ಒಬ್ಬರಿಗೆ ಥೈರಾಯ್ಡಿನಲ್ಲಿ, ಒಬ್ಬರಿಗೆ ಸಕ್ಕರೆಯಾಗಿ. ಎಷ್ಟೋ ಜನರಿಗೆ ಆ ಗುಣ ಇದ್ದೂ ಏನೂ ಆಗುವುದಿಲ್ಲ. ನಿಮ್ಮ ಅಪ್ಪನಿಂದ ನಿಮಗೂ ನಿಮ್ಮ ತಮ್ಮನಿಗೂ, ನಿಮ್ಮ ತಮ್ಮನಿಂದ ಇವಳಿಗೂ ಬಂದಿರಬಹುದು.

‘ಅಂಗಾರೆ ನನ್ ತಟ್ಟೇಲಿ ಉಂಡಿದ್ದಕ್ಕಲ್ಲ’ ಎಂದಳು ಅತ್ತೆ. ತಮಿಳು ಮರೆತು ಕನ್ನಡದಲ್ಲಿ ಕೇಳಿದಳು. ಡಾಕ್ಟರಮ್ಮನಿಗೆ ಅವ್ವ ತಮಿಳಿನಲ್ಲಿ ಹೇಳಿದಳು.

ಅಲ್ಲ ಎಂದು ಅವರು ತಲೆಯಾಡಿಸಿದರು. ‘ಯಾರ್ ಮೇಲಯುಂ ತಪ್ಪಿಲ್ಲಮ್ಮಾ.’ ಯಾರ ಮೇಲೂ ತಪ್ಪಿಲ್ಲ.

ಅತ್ತೆ ಆ ಕೊಯ್ಲು ಮುಗಿಯುವವರೆಗೆ ಏರ್ಕಾಡಿನಲ್ಲೇ ಇದ್ದಳು. ಒಪ್ಪಿಕೊಂಡ ಕೆಲಸ ಬಿಟ್ಟು ಬರುವುದು ಸರಿಯಲ್ಲ ಎಂದಳು. ಅದು ಅರ್ಧ ನಿಜ. ಅಲ್ಲಿ ಅವಳ ಕೈಯಿಂದ ಚಹಾ ಈಸಿಕೊಂಡು ಕುಡಿಯುವ ಗೆಳತಿಯರಿದ್ದರು, ಅವರನ್ನು ಬಿಟ್ಟು ಬರಲು ಅವಳಿಗೆ ಮನಸ್ಸಿರಲಿಲ್ಲ. ಹಾಗೆಂದು ಆಮೇಲೆ ನನಗೊಮ್ಮೆ ಹೇಳಿದಳು. ಯುಗಾದಿಗೆ ನಾಲ್ಕು ದಿನ ಮೊದಲು ಊರಿಗೆ ಬಂದಳು. ಅಪ್ಪ ಬಸ್‌ಸ್ಟಾಪಿಗೆ ಹೋಗಿ ಟ್ರಂಕು ಹೊತ್ತುಕೊಂಡು ಬಂದ. ಅಕ್ಕ ತಮ್ಮ ದಾರಿಯುದ್ದಕ್ಕೂ ಕುರಿಗಳ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ. ಅಪ್ಪನಿಗೆ ಕ್ಷಮೆ ಕೇಳಲು ಬರುತ್ತಿರಲಿಲ್ಲ. ಅತ್ತೆ ಇಲ್ಲದಾಗ ಹುಟ್ಟಿದ ಮರಿಗಳಲ್ಲಿ ಒಂದನ್ನೂ ಮೇಚೇರಿ ಸಂತೆಗೆ ಹೊಡೆಯದೆ ಇಟ್ಟುಕೊಂಡಿದ್ದ. ಒಂದೊಂದನ್ನೇ ಹಿಡಿದು ಅವಳಿಗೆ ತೋರಿಸಿದ.

ಬಂದ ಎರಡನೇ ದಿನದಿಂದ ಸೂಜಿಯ ಕೆಲಸ ಅತ್ತೆಯದಾಯಿತು. ಕುರಿಗಳಿಗೆ ಚುಚ್ಚುಮದ್ದು ಹಾಕುವಾಗ ಎಷ್ಟೋ ಸಲ ಹಿಡಿದುಕೊಂಡವಳು, ನೋಡಿ ಕಲಿತಿದ್ದಳು. ಅಕ್ಷರ ಬರುತ್ತಿರಲಿಲ್ಲ, ಆದರೆ ಅಂಕಿ ಬರುತ್ತಿತ್ತು, ಬಸ್ ನಂಬರ್ ಓದಿ ಕಲಿತ ಅಂಕಿ. ಸಕ್ಕರೆ ನೋಡುವ ಮೆಷಿನ್ನಿನಲ್ಲಿ ಕಂಡ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯುತ್ತಿದ್ದಳು. ಹೊಲದಲ್ಲಿ ನಾನು ತಲೆ ಸುತ್ತಿ ಕೂತರೆ ಅವಳ ಸೊಂಟದ ಚೀಲದಲ್ಲಿ ಸದಾ ಒಂದು ಉಂಡೆ ಬೆಲ್ಲ ಇರುತ್ತಿತ್ತು. ಮತ್ತೆ ನನ್ನ ಇನ್ಸುಲಿನ್ ಅಳತೆ ಏರಿತು, ಇನ್ನು ಇಳಿಯಲಿಲ್ಲ. ಉಳಿದಿದ್ದ ಆ ಕೆಲವು ಚುಕ್ಕೆಗಳೂ ಹೋದವು ಎಂದು ನನಗೆ ಗೊತ್ತಾಯಿತು. ಯಾರೂ ಹೇಳಬೇಕಾಗಿರಲಿಲ್ಲ.

ನಾನು ಮೈನೆರೆದಾಗ ಒಂದು ಸಂಗತಿ ನಡೆಯಿತು. ನಮ್ಮಲ್ಲಿ ಹುಡುಗಿಗೆ ಮೊದಲ ನೀರು ಹಾಕುವುದು ಸೋದರತ್ತೆ. ನನಗಿದ್ದ ಸೋದರತ್ತೆ ಇವಳೊಬ್ಬಳೇ. ನೆಂಟರು ಬೇರೆ ಯಾರನ್ನಾದರೂ ಅತ್ತೆಯ ವರಸೆಯವರನ್ನು ಹುಡುಕುವ ಮಾತಾಡಿದರು. ಅತ್ತೆ ಎಂದಿನಂತೆ ಬೆಳಿಗ್ಗೆ ಎದ್ದು ಕುರಿ ಬಿಡಲು ಹೊರಟಿದ್ದಳು. ಅವ್ವ ಹಟ್ಟಿಯ ಬಾಗಿಲಿಗೆ ಅಡ್ಡ ನಿಂತು, ಅರಿಶಿನ ನೀರಿನ ಚೆಂಬನ್ನು ಎಲ್ಲರ ಎದುರಿಗೆ ಅವಳ ಕೈಗೆ ಕೊಟ್ಟಳು. ಅವ್ವನ ಕಡೆಯ ಆ ಹಿರಿಯಾಕೆ ಮತ್ತು ಇನ್ನೂ ಆರೇಳು ಜನ ಊಟ ಮಾಡದೆ ಹೋದರು. ಅವ್ವ ಯಾರನ್ನೂ ತಡೆಯಲಿಲ್ಲ. ಅವರಲ್ಲಿ ಇಬ್ಬರು ಮೂರು ವರ್ಷ ನಮ್ಮ ಮನೆಗೆ ಬರಲಿಲ್ಲ, ಆಮೇಲೆ ಬಂದರು. ಹಿರಿಯಾಕೆ ಬರಲೇ ಇಲ್ಲ.

ನಾನು ಓದಿದ್ದೆಲ್ಲ ತಮಿಳಿನಲ್ಲಿ. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮಾಡಿ ಎರಡು ವರ್ಷ ಮೈಸೂರಿನಲ್ಲಿ ಕೆಲಸಕ್ಕಿದ್ದೆ. ಕನ್ನಡದ ಅಕ್ಷರ ಕಲಿತದ್ದು ಅಲ್ಲಿಯೇ. ಈಗ ಸೇಲಂನಲ್ಲಿ ಒಂದು ಲ್ಯಾಬಿನಲ್ಲಿದ್ದೇನೆ, ವಾರಕ್ಕೊಮ್ಮೆ ಊರಿಗೆ ಹೋಗುತ್ತೇನೆ. ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳುತ್ತೇನೆ. ಕಣ್ಣು, ಕಿಡ್ನಿ ಸದ್ಯಕ್ಕೆ ಚೆನ್ನಾಗಿವೆ. ಸೂಕ್ಷ್ಮದರ್ಶಕದ ಕೆಳಗೆ ಬಿಳಿ ರಕ್ತಕಣಗಳನ್ನು ಎಣಿಸುವುದು ನನ್ನ ದಿನದ ಕೆಲಸ. ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಜ್ವರ ಬಂದವರ ಜೀವ ಕಾಯುವುದೂ ಅವೇ.

ಕಳೆದ ವರ್ಷ ಒಂದು ಸಂಶೋಧನೆಗೆ ಟೈಪ್ ಒನ್ ಇರುವವರ ಮತ್ತು ಅವರ ಮನೆಯವರ ರಕ್ತ ಬೇಕು ಎಂದು ಒಬ್ಬ ಯುವ ಡಾಕ್ಟರ್ ಕೇಳಿದರು. ತಮ್ಮ ಮೈಯನ್ನೇ ಹೊರಗಿನದೆಂದು ತಿಳಿಯುವ ಇಂಥ ಕಣಗಳು ಆರೋಗ್ಯವಂತರ ರಕ್ತದಲ್ಲೂ ಇರುತ್ತವಂತೆ, ಮಲಗಿರುತ್ತವಂತೆ. ಇದ್ದದ್ದು ಮುಖ್ಯವಲ್ಲ, ಅವುಗಳಲ್ಲಿ ಎಷ್ಟು ಚುರುಕಾಗಿವೆ ಎಂಬುದೇ ಮುಖ್ಯ ಎಂದರು. ಅದನ್ನು ಪತ್ತೆ ಮಾಡುವ ಮೆಷಿನ್ನು ತೋರಿಸಿದರು. ಕಣಗಳು ಒಂದರ ಹಿಂದೆ ಒಂದು ಬೆಳಕಿನ ಮುಂದೆ ಹಾಯುತ್ತವೆ, ಪರದೆಯ ಮೇಲೆ ಚುಕ್ಕೆಗಳಾಗಿ ಬೀಳುತ್ತವೆ. ಯಾರದೋ ರಕ್ತದ ಚಿತ್ರ ಇತ್ತು. ದಟ್ಟವಾದ ನೀಲಿ ಚುಕ್ಕೆಗಳ ಗುಂಪಿನಿಂದ ದೂರ, ಮೂಲೆಯಲ್ಲಿ, ಬೆರಳೆಣಿಕೆಯಷ್ಟು ಕೆಂಪು ಚುಕ್ಕೆ, ಚುರುಕಾದವು. ಇಷ್ಟೇನಾ ಎಂದು ನಾನು ಕೇಳಿದೆ. ಇಷ್ಟು ಸಾಕು ಎಂದರು ಅವರು. ಅವುಗಳನ್ನು ಮಾತ್ರ ಮಲಗಿಸುವ ಔಷಧಿಗೆ ಎಲ್ಲೆಲ್ಲೋ ಪ್ರಯತ್ನ ನಡೆದಿದೆ, ಕಾಯಿಲೆ ಇನ್ನೂ ಹೊರಗೆ ಕಾಣಿಸದವರಲ್ಲಿ ಅದನ್ನು ಮುಂದಕ್ಕೆ ಹಾಕುವ ಮದ್ದು ಹೊರದೇಶದಲ್ಲಿ ಬಂದೂ ಇದೆ, ನಿಮ್ಮಂಥವರಿಗೆ ಈಗಲೇ ಪ್ರಯೋಜನವಿಲ್ಲ, ಮುಂದೆ ಹುಟ್ಟುವ ಮಕ್ಕಳಿಗೆ ಆಗಬಹುದು ಎಂದರು.

ಮನೆಗೆ ಬಂದು ಹೇಳಿದಾಗ ಅತ್ತೆ ಎಲ್ಲರಿಗಿಂತ ಮೊದಲು, ನನ್ನದೂ ತಗೊಳ್ಳಲಿ ಎಂದಳು. ಅವಳ ಕೂದಲು ಈಗ ಅರ್ಧ ನರೆತಿದೆ. ಬಿಳಿ ಮುಖದವರೆಗೂ ಹರಡಿದೆ. ನಾವಿಬ್ಬರೂ ಹೋದೆವು. ಫಾರಂ ತುಂಬಿಸಿಕೊಳ್ಳುವ ಮೇಜಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ನರ್ಸ್ ಇದ್ದಳು. ವಯಸ್ಸು, ಊರು ಬರೆದುಕೊಂಡಳು. ಅಮ್ಮಾ, ನಿಮಗೆ ಏನಾದರೂ ಕಾಯಿಲೆ ಇದೆಯಾ ಎಂಬ ಪ್ರಶ್ನೆಗೆ ಬಂದು, ಅತ್ತೆಯ ಮುಖ ನೋಡಿ, ಮುಂದೆ ಹೇಗೆ ಕೇಳುವುದೆಂದು ತಿಳಿಯದೆ ತಡವರಿಸಿದಳು. ನಾನು ಉತ್ತರ ಕೊಡಲು ಬಾಯಿ ತೆರೆದೆ.

ಅತ್ತೆ ನನ್ನ ಮೊಣಕೈ ಹಿಡಿದು ತಡೆದಳು. ವೆಣ್‌ಪುಳ್ಳಿ, ಇಪ್ಪತ್ತೊಂಬತ್ತು ವರ್ಷದಿಂದ ಇದೆ, ಯಾರಿಗೂ ಅಂಟುವುದಿಲ್ಲ, ಅದನ್ನೂ ಬರೆದುಕೋ ತಾಯಿ ಎಂದು ತಮಿಳಿನಲ್ಲಿ ಹೇಳಿದಳು. ಸಾಲಿನಲ್ಲಿ ಹಿಂದೆ ನಿಂತವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿತ್ತು. ಅಂಟುವುದಿಲ್ಲ ಎಂದು ಬರೆಯಲು ಫಾರಂನಲ್ಲಿ ಜಾಗವಿರಲಿಲ್ಲ. ಆ ಹುಡುಗಿ ಅಂಚಿನಲ್ಲಿ ಬರೆದುಕೊಂಡಳು.

ರಕ್ತ ಕೊಟ್ಟ ಮೇಲೆ ಒಬ್ಬೊಬ್ಬರಿಗೆ ಒಂದು ಬಾಳೆಹಣ್ಣು, ಒಂದು ಪ್ಯಾಕೆಟ್ ಬಿಸ್ಕತ್ತು ಕೊಟ್ಟರು. ಫಲಿತಾಂಶ ಒಬ್ಬೊಬ್ಬರಿಗೆ ಬೇರೆಯಾಗಿ ತಿಳಿಸುವುದಿಲ್ಲ ಎಂದಾಗ ಅತ್ತೆಗೆ ಸ್ವಲ್ಪ ನಿರಾಶೆಯಾಯಿತು. ತನ್ನ ಕೆಂಪು ಚುಕ್ಕೆ ಎಷ್ಟಿವೆ ಎಂದು ನೋಡುವ ಆಸೆ ಅವಳಿಗಿತ್ತು. ಬಸ್‌ಸ್ಟ್ಯಾಂಡಿಗೆ ನಡೆದೇ ಹೋದೆವು. ಮೇಚೇರಿ ಬಸ್ಸು ತುಂಬಿತ್ತು. ಒಬ್ಬ ಹೆಂಗಸು ತನ್ನ ಮಗುವನ್ನು ತೊಡೆಗೆ ಎಳೆದುಕೊಂಡು ಅತ್ತೆಗೆ ಜಾಗ ಮಾಡಿಕೊಟ್ಟಳು. ಅತ್ತೆ ಕೂತಳು. ಮಗು ಅವಳ ಕೈ ನೋಡುತ್ತಿತ್ತು. ಅವಳು ಬಿಸ್ಕತ್ತಿನ ಪ್ಯಾಕೆಟ್ ಒಡೆದು, ಕೊಡಲೇ ಎಂದು ತಾಯಿಯನ್ನು ಕಣ್ಣಲ್ಲೇ ಕೇಳಿದಳು. ತಾಯಿ ಕೊಡಿ ಎಂಬಂತೆ ತಲೆಯಾಡಿಸಿದಳು.